ಬೀಡಿ, ಬಡತನ, ಗಂಡು-ಹೆಣ್ಣು: ಆಯಸ್ಸಿನ ಲೆಕ್ಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಷಯರೋಗಿಗಳ ಮನೆಗೆ ಹೋಗಿ ಅವರು ಮಾತ್ರೆ ನುಂಗಿದರೋ ಇಲ್ಲವೋ ಎಂದು ನೋಡಿ ಬರುವುದು ಹಲವು ವರ್ಷ ನನ್ನ ಕೆಲಸವಾಗಿತ್ತು. ಜಗಲಿಯ ಮೇಲೆ ಕೂತು ಮಾತಾಡುವಾಗ ಜನ ಕೇಳುತ್ತಿದ್ದ ಪ್ರಶ್ನೆಗಳೇ ಇವು. ಆಗ ಅರ್ಧಂಬರ್ಧ ಉತ್ತರಿಸಿದ್ದನ್ನು ಇಲ್ಲಿ ಪೂರ್ತಿ ಮಾಡುತ್ತಿದ್ದೇನೆ.

ಬೀಡಿ, ಸಿಗರೇಟು ಸೇದುವುದರಿಂದ ನಿಜವಾಗಿ ಎಷ್ಟು ಆಯಸ್ಸು ಹೋಗುತ್ತದೆ?

ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ಸಂಶೋಧಕರು 1951ರಲ್ಲಿ ಅಲ್ಲಿನ ವೈದ್ಯರನ್ನೇ ಅಧ್ಯಯನಕ್ಕೆ ಆರಿಸಿಕೊಂಡರು. ಯಾರು ಸೇದುತ್ತಾರೆ, ಯಾರು ಸೇದುವುದಿಲ್ಲ ಎಂದು ಬರೆದಿಟ್ಟುಕೊಂಡರು. ಆಮೇಲೆ ಐವತ್ತು ವರ್ಷ ಅವರ ಸಾವುಗಳ ಲೆಕ್ಕ ಇಡಲಾಯಿತು. ಸಿಗರೇಟು ಬಿಡದೆ ಸೇದಿದ ವೈದ್ಯರು, ಸೇದದವರಿಗಿಂತ ಸರಾಸರಿ ಹತ್ತು ವರ್ಷ ಮೊದಲೇ ತೀರಿಕೊಂಡಿದ್ದರು. ಇವರೆಲ್ಲ ಓದಿದವರು, ಅನುಕೂಲಸ್ಥರು, ರೋಗದ ವಿಷಯ ಚೆನ್ನಾಗಿ ತಿಳಿದವರು ಎಂಬುದನ್ನು ನೆನಪಿಡಿ.

ನಮ್ಮ ದೇಶದ ಲೆಕ್ಕ 2008ರಲ್ಲಿ ಹೊರಬಂತು. ಸಂಶೋಧಕ ಪ್ರಭಾತ್ ಝಾ ಮತ್ತು ಅವರ ಸಹೋದ್ಯೋಗಿಗಳು ಸುಮಾರು 11 ಲಕ್ಷ ಮನೆಗಳಲ್ಲಿ ಆದ 74 ಸಾವಿರದಷ್ಟು ಸಾವುಗಳ ಮಾಹಿತಿ ಕಲೆಹಾಕಿದರು. ಬೀಡಿ ಸೇದುವ ಗಂಡಸರು ಸುಮಾರು 6 ವರ್ಷ, ಬೀಡಿ ಸೇದುವ ಹೆಂಗಸರು ಸುಮಾರು 8 ವರ್ಷ, ಸಿಗರೇಟು ಸೇದುವ ಗಂಡಸರು ಸುಮಾರು 10 ವರ್ಷ ಕಳೆದುಕೊಳ್ಳುತ್ತಾರೆ ಎಂದು ಗೊತ್ತಾಯಿತು. 30ರಿಂದ 69 ವರ್ಷದೊಳಗೆ ಸಾಯುವ ಗಂಡಸರಲ್ಲಿ ಐವರಲ್ಲಿ ಒಬ್ಬರ ಸಾವಿಗೆ ಧೂಮಪಾನವೇ ಕಾರಣವಾಗಲಿದೆ ಎಂದು ಅವರು ಅಂದಾಜು ಮಾಡಿದ್ದರು. ಆ ವಯಸ್ಸು ಎಂದರೆ ಮಗಳ ಮದುವೆ, ಮಗನ ಓದು, ಮನೆಯ ಸಾಲ ಎಲ್ಲವೂ ತಲೆಯ ಮೇಲಿರುವ ವಯಸ್ಸು.

ಬೀಡಿ ಬರೀ ಎಲೆಯಲ್ಲವೇ? ಸಿಗರೇಟಿನಷ್ಟು ಕೆಟ್ಟದ್ದಲ್ಲ ಅನ್ನುತ್ತಾರೆ.

ಈ ಮಾತನ್ನು ನಾನು ಕೇಳದ ಊರಿಲ್ಲ. ಬೀಡಿಯಲ್ಲಿ ತಂಬಾಕು ಕಡಿಮೆ ಇರುವುದು ನಿಜ, ಸಿಗರೇಟಿನ ಮೂರನೇ ಒಂದು ಪಾಲಿನಷ್ಟೂ ಇರಲಾರದು. ಆದರೆ ಸುತ್ತಿದ ಎಲೆ ಕಾಗದದಂತೆ ಗಾಳಿ ಬಿಡುವುದಿಲ್ಲ. ಒಂದಿಷ್ಟು ಹೊತ್ತು ಎಳೆಯದೆ ಬಿಟ್ಟರೆ ಆರಿಹೋಗುತ್ತದೆ. ಅದನ್ನು ಉರಿಯುವಂತೆ ಇಡಲು ಮೇಲಿಂದ ಮೇಲೆ, ಎದೆಯ ಆಳಕ್ಕೆ ಎಳೆಯಬೇಕು. ಶೋಧಿಸಲು ತುದಿಯಲ್ಲಿ ಫಿಲ್ಟರ್ ಕೂಡ ಇಲ್ಲ. ಹೀಗಾಗಿ ಟಾರು, ಕಾರ್ಬನ್ ಮಾನಾಕ್ಸೈಡು ಎರಡೂ ಹೇರಳವಾಗಿ ಒಳಗೆ ಹೋಗುತ್ತವೆ. ಮೇಲಿನ ಲೆಕ್ಕದ 6 ಮತ್ತು 8 ವರ್ಷ ಈ 'ಬರೀ ಎಲೆ' ಕಸಿದುಕೊಂಡದ್ದು.

ಬಡವರು ಬೇಗ ಸಾಯುವುದು ಬಡತನದಿಂದಲೋ, ಸೇದುವುದರಿಂದಲೋ?

ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಇದಕ್ಕೆ ಉತ್ತರ ಹುಡುಕಲು ಸೇದುವ ಬಡವರನ್ನೂ ಸೇದದ ಬಡವರನ್ನೂ, ಹಾಗೆಯೇ ಸೇದುವ ಅನುಕೂಲಸ್ಥರನ್ನೂ ಸೇದದ ಅನುಕೂಲಸ್ಥರನ್ನೂ ಬೇರೆ ಬೇರೆಯಾಗಿ, ದಶಕಗಳ ಕಾಲ ಗಮನಿಸಬೇಕು. ಅಂಥ ಕೆಲಸ ಸ್ಕಾಟ್ಲೆಂಡಿನಲ್ಲಿ ಆಗಿದೆ.

ಗ್ಲಾಸ್ಗೋ ಪಕ್ಕದ ರೆನ್‌ಫ್ರೂ ಮತ್ತು ಪೇಸ್ಲಿ ಎಂಬ ಎರಡು ಊರುಗಳು. 1972ರಿಂದ 1976ರ ನಡುವೆ ಅಲ್ಲಿನ 45ರಿಂದ 64 ವರ್ಷದ ಸುಮಾರು 15 ಸಾವಿರ ಜನರನ್ನು ತಪಾಸಣೆ ಮಾಡಿ, ಉದ್ಯೋಗದ ಮೇಲೆ ನಾಲ್ಕು ವರ್ಗಗಳಾಗಿ ವಿಂಗಡಿಸಿದರು. 28 ವರ್ಷಗಳ ನಂತರ ಯಾರು ಉಳಿದಿದ್ದಾರೆ ಎಂದು ನೋಡಿದರು. 2009ರಲ್ಲಿ ಪ್ರಕಟವಾದ ಆ ಲೆಕ್ಕವನ್ನು ಮೊದಲ ಸಲ ಓದಿದಾಗ ನಾನು ಕಾಗದದ ಮೇಲೆ ಬರೆದುಕೊಂಡು ಮತ್ತೆ ಮತ್ತೆ ನೋಡಿದ್ದೆ.

ಎಂದೂ ಸೇದದ ಹೆಂಗಸರಲ್ಲಿ ಮೇಲ್ವರ್ಗದ ಶೇ. 65ರಷ್ಟು ಮಂದಿ ಬದುಕಿದ್ದರು. ಕೆಳಗಿನ ವರ್ಗದಲ್ಲಿ ಶೇ. 56. ಸೇದುವ ಹೆಂಗಸರಲ್ಲಿ ಮೇಲ್ವರ್ಗದವರು ಶೇ. 41, ಕೆಳವರ್ಗದವರು ಶೇ. 35. ಎಂದೂ ಸೇದದ ಗಂಡಸರಲ್ಲಿ ಮೇಲೆ ಶೇ. 53, ಕೆಳಗೆ ಶೇ. 36. ಸೇದುವ ಗಂಡಸರಲ್ಲಿ ಮೇಲೆ ಶೇ. 24, ಕೆಳಗೆ ಶೇ. 18.

ಸಂಖ್ಯೆಗಳನ್ನು ಎದುರುಬದುರು ಇಟ್ಟು ನೋಡಿ. ಸೇದುವ ಸಿರಿವಂತ ಗಂಡಸಿಗಿಂತ ಸೇದದ ಬಡ ಗಂಡಸು ಹೆಚ್ಚು ಕಾಲ ಬದುಕಿದ. ಸೇದುವ ಮೇಲ್ವರ್ಗದ ಹೆಂಗಸಿಗಿಂತ ಸೇದದ ಬಡ ಹೆಂಗಸು ಹೆಚ್ಚು ಕಾಲ ಬದುಕಿದಳು. ಸೇದುವ ಗಂಡಸರೊಳಗೆ ಮೇಲು-ಕೀಳಿನ ಅಂತರ ಬರೀ ಆರು ಅಂಶ. ಹೊಗೆ ಎಲ್ಲರನ್ನೂ ಒಂದೇ ಮಟ್ಟಕ್ಕೆ ಇಳಿಸಿಬಿಟ್ಟಿತ್ತು. ಇನ್ನೊಂದು ಮಾತು: ಸೇದುವುದನ್ನು ಬಿಟ್ಟವರ ಸಾವಿನ ಪ್ರಮಾಣ ಸೇದುವವರಿಗಿಂತ, ಎಂದೂ ಸೇದದವರಿಗೆ ಹತ್ತಿರವಾಗಿತ್ತು.

ಇಂಗ್ಲೆಂಡ್, ಪೋಲೆಂಡ್, ಅಮೆರಿಕ, ಕೆನಡಾಗಳ ಗಂಡಸರ ಬಗ್ಗೆ 2006ರಲ್ಲಿ ಬಂದ ಇನ್ನೊಂದು ಅಂದಾಜು ಕೂಡ ಇದೇ ದಿಕ್ಕಿನದು. ನಡುವಯಸ್ಸಿನಲ್ಲಿ ಬಡ ಮತ್ತು ಸಿರಿವಂತ ಗಂಡಸರ ಸಾವಿನ ಪ್ರಮಾಣದ ನಡುವಿನ ಅಂತರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೊಗೆಯದೇ.

ಹಾಗಾದರೆ ಬಡತನಕ್ಕೆ ಯಾವ ದೋಷವೂ ಇಲ್ಲ ಎಂದಾಯಿತಲ್ಲ?

ಹಾಗೆ ಓದಿಕೊಂಡರೆ ತಪ್ಪು. ಅದೇ ಸ್ಕಾಟ್ಲೆಂಡಿನ ಲೆಕ್ಕದಲ್ಲಿ ಎಂದೂ ಸೇದದ ಗಂಡಸರನ್ನು ಮತ್ತೊಮ್ಮೆ ನೋಡಿ: 53 ಎಲ್ಲಿ, 36 ಎಲ್ಲಿ. ಒಂದು ಸಿಗರೇಟೂ ಮುಟ್ಟದೆ ದುಡಿದವನು ಕೇವಲ ತನ್ನ ಕೆಲಸದ ಕಾರಣಕ್ಕೆ, ತನ್ನ ಮನೆಯ ತೇವದ ಕಾರಣಕ್ಕೆ, ತಡವಾಗಿ ಕಂಡ ವೈದ್ಯನ ಕಾರಣಕ್ಕೆ ಅಷ್ಟು ಬೇಗ ಹೋದ.

ಲಂಡನ್ನಿನಲ್ಲಿ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ ಇದನ್ನು ಇನ್ನೂ ಸ್ಪಷ್ಟಮಾಡಿತು. ಸುಮಾರು 18 ಸಾವಿರ ಸರ್ಕಾರಿ ನೌಕರರು, ಎಲ್ಲರೂ ಗಂಡಸರು. ಕೂಲಿಯಿಲ್ಲದವರು, ಉಪವಾಸವಿದ್ದವರು ಅಲ್ಲಿ ಯಾರೂ ಇರಲಿಲ್ಲ. ಆದರೂ ಬಾಗಿಲು ಕಾಯುವವರು, ಟಪಾಲು ಒಯ್ಯುವವರ ಸಾವಿನ ಪ್ರಮಾಣ ಮೇಲಧಿಕಾರಿಗಳಿಗಿಂತ ಸುಮಾರು ಮೂರು ಪಟ್ಟು. ಕೆಳದರ್ಜೆಯಲ್ಲಿ ಸೇದುವವರು ಹೆಚ್ಚಿದ್ದರು, ಸರಿ. ಆದರೆ ಅದನ್ನು ಕಳೆದ ಮೇಲೂ ಅಂತರ ಉಳಿಯಿತು, ಸೇದದವರ ನಡುವೆಯೂ ಉಳಿಯಿತು. ಈ ಅಧ್ಯಯನದ ಅಂಕಿಗಳನ್ನು ಬಿಡಿಸಿ ನೋಡಿದ ಮೈಕೇಲ್ ಮಾರ್ಮಟ್ ಅವರು ಜೀವನವಿಡೀ ಹೇಳುತ್ತಾ ಬಂದದ್ದು ಇದನ್ನೇ: ಏಣಿಯ ಪ್ರತಿ ಮೆಟ್ಟಿಲಿಗೂ ಆಯಸ್ಸು ಬದಲಾಗುತ್ತದೆ.

ನನ್ನ ಅನುಭವದಲ್ಲಿ ಇವೆರಡನ್ನೂ ಬೇರೆ ಬೇರೆ ಎಂದು ನೋಡುವುದೇ ಕಷ್ಟ. ಬಡತನ ಇದ್ದಲ್ಲಿಗೆ ಬೀಡಿ ಬಂದರೆ ಬರಗಾಲದಲ್ಲಿ ಅಧಿಕ ಮಾಸ. ಬಡತನ ಒಂದು ದಿನದಲ್ಲಿ ಹೋಗುವುದಿಲ್ಲ. ಬೀಡಿ ಮಾತ್ರ ಒಂದು ದಿನ ನಿಲ್ಲಬಲ್ಲದು. ಅದಕ್ಕಾಗಿಯೇ ನಾನು ಬಡವರ ಮನೆಯಲ್ಲಿ ಈ ಮಾತನ್ನು ಹೆಚ್ಚು ಹಟದಿಂದ ಆಡುತ್ತೇನೆ.

ದುಡ್ಡಿದ್ದವರು ದೊಡ್ಡ ಆಸ್ಪತ್ರೆಗೆ ಹೋಗಿ ಉಳಿದುಕೊಳ್ಳುವುದಿಲ್ಲವೇ?

ಕೆಲವರು ಉಳಿಯುತ್ತಾರೆ, ಸ್ವಲ್ಪ ಕಾಲ. ಆದರೆ ಶ್ವಾಸಕೋಶದ ಕ್ಯಾನ್ಸರ್ ಬಹುಮಟ್ಟಿಗೆ ಗೊತ್ತಾಗುವುದೇ ಕೈಮೀರಿದ ಮೇಲೆ. ಬ್ರಿಟನ್ನಿನ ವೈದ್ಯರೇ ಹತ್ತು ವರ್ಷ ಕಳೆದುಕೊಂಡರು ಎಂದ ಮೇಲೆ ಬೇರೆ ಹೇಳುವುದೇನಿದೆ?

ಹೆಂಗಸರು ಗಂಡಸರಿಗಿಂತ ಹೆಚ್ಚು ವರ್ಷ ಬದುಕುವುದೇಕೆ?

ಭಾರತದ 2016–20ರ ಮಾದರಿ ನೋಂದಣಿ (ಆಯ್ದ ಕಡೆಗಳ ಹುಟ್ಟು-ಸಾವುಗಳನ್ನು ಸರ್ಕಾರ ಬರೆದಿಡುವ) ಲೆಕ್ಕದಲ್ಲಿ ಗಂಡಸಿನ ಸರಾಸರಿ ಜೀವಿತಾವಧಿ 68.6 ವರ್ಷ, ಹೆಂಗಸಿನದು 71.4 ವರ್ಷ. ಹಾರ್ಮೋನು, ವಂಶವಾಹಿ ಮುಂತಾದ ಹುಟ್ಟಿನ ಕಾರಣಗಳು ಇವೆ. ಅಪಘಾತ, ಮದ್ಯ, ಅಪಾಯದ ಕೆಲಸಗಳೂ ಸೇರುತ್ತವೆ. ಆದರೆ 'ದೇವರು ಕೊಟ್ಟದ್ದು' ಎಂದು ನಾವು ನಂಬಿರುವ ಈ ಅಂತರದಲ್ಲಿ ದೊಡ್ಡ ಪಾಲು ಹೊಗೆಯದು. ಯುರೋಪಿನ 30 ದೇಶಗಳ ಅಂಕಿಗಳನ್ನು ನೋಡಿದ 2011ರ ಒಂದು ಅಧ್ಯಯನದಲ್ಲಿ ಗಂಡು-ಹೆಣ್ಣಿನ ಸಾವಿನ ಪ್ರಮಾಣದ ಅಂತರದ ಶೇ. 40ರಿಂದ 60ರಷ್ಟಕ್ಕೆ ಧೂಮಪಾನವೇ ಕಾರಣ ಎಂದು ಕಂಡುಬಂತು.

ಸ್ಕಾಟ್ಲೆಂಡಿನ ಅಂಕಿಗಳಿಗೆ ಮತ್ತೆ ಬನ್ನಿ. ಸೇದುವ ಬಡ ಹೆಂಗಸರು ಶೇ. 35, ಸೇದದ ಬಡ ಗಂಡಸರು ಶೇ. 36. ಹೆಣ್ಣಾಗಿ ಹುಟ್ಟಿದ್ದರಿಂದ ಬಂದ ಆಯಸ್ಸನ್ನು ಹೊಗೆ ಪೂರ್ತಿ ನುಂಗಿಹಾಕಿತ್ತು.

ಹೆಂಗಸರ ದೇಹಕ್ಕೆ ಹೊಗೆ ಹೆಚ್ಚು ಹಾನಿ ಮಾಡುತ್ತದೆಯೇ?

ಹೃದಯದ ವಿಷಯದಲ್ಲಿ ಹೌದೆನ್ನಬಹುದು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸೇದುವುದರಿಂದ ಹೃದ್ರೋಗದ ಅಪಾಯ ಹೆಚ್ಚುವ ಪ್ರಮಾಣ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಶೇ. 25 ಹೆಚ್ಚಿತ್ತು. 35 ದಾಟಿದ ಮೇಲೆ ಸೇದುತ್ತಾ ಗರ್ಭನಿರೋಧಕ ಮಾತ್ರೆಯನ್ನೂ ನುಂಗಿದರೆ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಇನ್ನೂ ಏರುತ್ತದೆ. ಸೇದುವವರಲ್ಲಿ ಮುಟ್ಟು ನಿಲ್ಲುವುದೂ ಬೇಗ.

ಹೆಂಗಸರಿಗೆ ಅಷ್ಟೇನೂ ಆಗುವುದಿಲ್ಲ ಎಂಬ ನಂಬಿಕೆ ಬಹಳ ಕಾಲ ಉಳಿದದ್ದಕ್ಕೆ ಒಂದು ಕಾರಣವಿದೆ. ಬ್ರಿಟನ್ನಿನಲ್ಲಿ ಹುಡುಗಿಯರು ಹರೆಯದಿಂದಲೇ ಸೇದತೊಡಗಿದ್ದು 1940ರ ಸುಮಾರಿಗೆ ಹುಟ್ಟಿದ ಪೀಳಿಗೆಯಿಂದ. ಸೇದಲು ಶುರುಮಾಡಿದ್ದಕ್ಕೂ ಸಾಯುವುದಕ್ಕೂ ನಡುವೆ ಮೂವತ್ತು-ನಲವತ್ತು ವರ್ಷ ಬೇಕು. ಅವರು ಅರವತ್ತು ದಾಟಿದ ಮೇಲಷ್ಟೇ ಪೂರ್ತಿ ಲೆಕ್ಕ ಸಿಕ್ಕಿತು. ಹತ್ತು ಲಕ್ಷಕ್ಕೂ ಹೆಚ್ಚು ಬ್ರಿಟಿಷ್ ಹೆಂಗಸರ ಬಗೆಗಿನ 2013ರ ವರದಿಯ ಪ್ರಕಾರ ಸೇದುವ ಹೆಂಗಸರೂ ಗಂಡಸರಂತೆಯೇ ಹತ್ತು ವರ್ಷವನ್ನಾದರೂ ಕಳೆದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಈಗಷ್ಟೇ ಸೇದಲು ಶುರುಮಾಡಿರುವ ಹೆಣ್ಣುಮಕ್ಕಳನ್ನು ನೋಡಿ 'ಏನೂ ಆಗಿಲ್ಲವಲ್ಲ' ಎನ್ನುವವರಿಗೆ ನಾನು ಈ ಮೂವತ್ತು ವರ್ಷದ ವಿಷಯ ಹೇಳುತ್ತೇನೆ.

ನಮ್ಮ ಕಡೆ ಹೆಂಗಸರು ಸೇದುವುದೇ ಇಲ್ಲವಲ್ಲ, ಇದು ನಮಗೆ ಏಕೆ?

2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ ಸೇದುವ ಹೆಂಗಸರು ಶೇ. 2 ಮಾತ್ರ, ಗಂಡಸರು ಶೇ. 19. ಆದರೆ ಹೊಗೆಯಿಲ್ಲದ ತಂಬಾಕು ಬಳಸುವ ಹೆಂಗಸರು ಶೇ. 12.8. ಕರ್ನಾಟಕದಲ್ಲಿ ಯಾವುದೇ ಬಗೆಯ ತಂಬಾಕು ಬಳಸುವವರು ಗಂಡಸರಲ್ಲಿ ಶೇ. 35.2, ಹೆಂಗಸರಲ್ಲಿ ಶೇ. 10.3. ಎಲೆಯಡಿಕೆಯ ಜೊತೆ ಕಡ್ಡಿಪುಡಿ, ಹೊಗೆಸೊಪ್ಪು ಹಾಕಿಕೊಳ್ಳುವುದನ್ನು ನಮ್ಮಲ್ಲಿ ಚಟವೆಂದು ಯಾರೂ ಕರೆಯುವುದಿಲ್ಲ. ಗದ್ದೆಯಲ್ಲಿ ನಾಟಿ ಮಾಡುವ ಅಕ್ಕಂದಿರನ್ನು ಕೇಳಿದರೆ 'ಹಸಿವು ತಡೆಯುತ್ತದೆ, ಹಲ್ಲುನೋವು ಹೋಗುತ್ತದೆ' ಎನ್ನುತ್ತಾರೆ. ಬಾಯಿಯ ಕ್ಯಾನ್ಸರು ಇಲ್ಲಿಂದಲೇ ಶುರು. ಬಸುರಿಯರಿಗೆ ಇನ್ನೂ ಕೆಟ್ಟದ್ದು: ಮುಂಬೈಯಲ್ಲಿ ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು ಗಮನಿಸಿದ 2004ರ ಅಧ್ಯಯನದಲ್ಲಿ ಇಂಥ ತಂಬಾಕು ಬಳಸುವವರ ಮಕ್ಕಳ ತೂಕ ಹುಟ್ಟುವಾಗ ಸರಾಸರಿ 105 ಗ್ರಾಂ ಕಡಿಮೆಯಿತ್ತು, ದಿನ ತುಂಬುವ ಮೊದಲೇ ಆಗುವ ಹೆರಿಗೆಗಳೂ ಹೆಚ್ಚಿದ್ದವು.

ಇನ್ನು ಗಂಡ ಸೇದುವ ಹೊಗೆ. ಜಪಾನಿನ ತಕೇಶಿ ಹಿರಾಯಾಮಾ 1981ರಲ್ಲಿ, ತಾವು ಎಂದೂ ಸೇದದ 91 ಸಾವಿರ ಗೃಹಿಣಿಯರ ಲೆಕ್ಕ ಮುಂದಿಟ್ಟರು. ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಿತ್ತು. ಒಂದೇ ಕೋಣೆಯ ಮನೆಯಲ್ಲಿ ಕಿಟಕಿ ಮುಚ್ಚಿಕೊಂಡು ಮಳೆಗಾಲ ಕಳೆಯುವ ನಮ್ಮ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೊಡ್ಡ ಮನೆಯಲ್ಲಿ ಗಂಡ ಮಹಡಿಗೆ ಹೋಗಿ ಸೇದಬಹುದು. ಸಣ್ಣ ಮನೆಯಲ್ಲಿ ಹೋಗಲು ಜಾಗವೆಲ್ಲಿದೆ? ಅದರ ಮೇಲೆ ಸೌದೆ ಒಲೆ. ಜೀವನದಲ್ಲಿ ಒಂದು ಬೀಡಿಯನ್ನೂ ಮುಟ್ಟದ ಅಜ್ಜಿಯಂದಿರು, ಬೀಡಿ ಸೇದಿದವರಂತೆಯೇ ಉಬ್ಬಸಪಡುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಬೀಡಿಗೂ ಕ್ಷಯಕ್ಕೂ ಏನು ಸಂಬಂಧ? ಕ್ಷಯ ಅಂಟುರೋಗವಲ್ಲವೇ?

ಅಂಟುರೋಗವೇ. ಆದರೆ ಅಂಟಿದ ಎಲ್ಲರಿಗೂ ರೋಗ ಬರುವುದಿಲ್ಲ. ರೋಗಾಣು ಎದೆಯೊಳಗೆ ವರ್ಷಗಟ್ಟಲೆ ಸುಮ್ಮನೆ ಮಲಗಿರಬಹುದು. ಹೊಗೆ ಶ್ವಾಸಕೋಶದ ಕಾವಲನ್ನು ಕೆಡಿಸಿದಾಗ ಅದು ಎದ್ದೇಳುತ್ತದೆ. ತಮಿಳುನಾಡಿನಲ್ಲಿ 43 ಸಾವಿರ ಗಂಡಸರ ಸಾವುಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೇದುವವರು ಕ್ಷಯದಿಂದ ಸಾಯುವ ಪ್ರಮಾಣ ಸೇದದವರ ಸುಮಾರು ನಾಲ್ಕು ಪಟ್ಟು ಎಂದು ಕಂಡಿತು. ಶ್ರೀಮಂತ ದೇಶಗಳಲ್ಲಿ ತಂಬಾಕು ಮುಖ್ಯವಾಗಿ ಕ್ಯಾನ್ಸರ್, ಹೃದ್ರೋಗಗಳಿಂದ ಕೊಂದರೆ ನಮ್ಮಲ್ಲಿ ಬಡವರ ರೋಗವನ್ನೇ ಆಯುಧ ಮಾಡಿಕೊಂಡಿದೆ.

ಒಬ್ಬ ಗಾರೆ ಕೆಲಸದವರ ನೆನಪು ನನ್ನನ್ನು ಬಿಡುವುದಿಲ್ಲ. ಮಾತ್ರೆಯನ್ನು ಒಂದು ದಿನವೂ ತಪ್ಪಿಸಿದವರಲ್ಲ. ನಾನು ಅಂಗಳಕ್ಕೆ ಕಾಲಿಟ್ಟ ಕೂಡಲೇ ಸೊಂಟದ ಲುಂಗಿಯ ಮಡಿಕೆಯಲ್ಲಿದ್ದ ಬೀಡಿ ಕಟ್ಟನ್ನು ಹೆಂಚಿನ ಸಂದಿಗೆ ತುರುಕುತ್ತಿದ್ದರು. ನನಗೆ ಕಾಣುತ್ತಿತ್ತು, ನನಗೆ ಕಂಡಿದೆ ಎಂದು ಅವರಿಗೂ ಗೊತ್ತಿತ್ತು. ನಾನು ಆರು ತಿಂಗಳು ಮಾತ್ರೆಯ ಬಗ್ಗೆಯೇ ಮಾತಾಡಿದೆ, ಹೆಂಚಿನ ಸಂದಿಯ ಬಗ್ಗೆ ಒಮ್ಮೆಯೂ ಕೇಳಲಿಲ್ಲ. ಅವಮಾನವಾಗುತ್ತದೆ ಎಂದು ಹಿಂಜರಿದೆ. ಕ್ಷಯ ವಾಸಿಯಾಯಿತು. ಮೂರು ವರ್ಷದ ನಂತರ ಉಸಿರು ಸಿಕ್ಕದೆ ತೀರಿಕೊಂಡರು. ಕೇಳಬೇಕಿತ್ತು.

ಬಡವರೇ ಏಕೆ ಹೆಚ್ಚು ಸೇದುತ್ತಾರೆ? ತಿಳಿವಳಿಕೆ ಇಲ್ಲದ್ದಕ್ಕೇ?

ಮೊದಲು ಹೀಗಿರಲಿಲ್ಲ. ಇಪ್ಪತ್ತನೆಯ ಶತಮಾನದ ನಡುವಿನ ತನಕ ಬ್ರಿಟನ್ನಿನಲ್ಲಿ ಸಿರಿವಂತರೂ ಬಡವರಷ್ಟೇ ಸೇದುತ್ತಿದ್ದರು. ಅಪಾಯ ಗೊತ್ತಾದ ಮೇಲೆ ಬಿಡಲು ಅನುಕೂಲವಿದ್ದವರು ಬಿಟ್ಟರು, ಉಳಿದವರು ಉಳಿದರು. ನಮ್ಮಲ್ಲೂ ಮೇಲೆ ಹೇಳಿದ 2016–17ರ ತಂಬಾಕು ಸಮೀಕ್ಷೆಯ ಪ್ರಕಾರ ಹಳ್ಳಿಗಳಲ್ಲಿ ಶೇ. 32.5 ಮಂದಿ ತಂಬಾಕು ಬಳಸಿದರೆ ಪಟ್ಟಣಗಳಲ್ಲಿ ಶೇ. 21.2.

'ತಿಳಿವಳಿಕೆ ಇಲ್ಲ' ಎನ್ನುವುದು ಸುಲಭ. ಕಟ್ಟಿನ ಮೇಲಿನ ಚಿತ್ರವನ್ನು ಎಲ್ಲರೂ ನೋಡಿದ್ದಾರೆ. ಬಿಸಿಲಲ್ಲಿ ಹತ್ತು ಗಂಟೆ ಕಲ್ಲು ಹೊರುವವನಿಗೆ ಮೇಸ್ತ್ರಿ ಬೈಯದೆ ಕೂರಲು ಬಿಡುವ ಒಂದೇ ಬಿಡುವು ಬೀಡಿ ಹಚ್ಚುವಾಗ. ಬಿಟ್ಟರೆ ತಲೆನೋವು, ಸಿಡುಕು, ನಿದ್ದೆಗೇಡು. ರಜೆ ಹಾಕಿ ಅದನ್ನು ಸಹಿಸಿಕೊಳ್ಳಲು ಅವನಿಗೆ ಸಂಬಳದ ರಜೆ ಇಲ್ಲ. ಜೊತೆಗಿರುವ ಹತ್ತು ಜನರೂ ಸೇದುತ್ತಾರೆ. ಬಡವರು ಬಿಡಲು ಪ್ರಯತ್ನಿಸುವುದು ಕಡಿಮೆಯೇನಲ್ಲ, ಗೆಲ್ಲುವುದು ಕಡಿಮೆ. ಬೈಯುವುದರಿಂದ ಅದು ಸರಿಹೋಗುವುದಿಲ್ಲ.

ದಿನಕ್ಕೆ ಒಂದೇ ಒಂದು ಸೇದಿದರೆ?

ದಿನಕ್ಕೆ ಇಪ್ಪತ್ತು ಸೇದುವವರ ಹೃದ್ರೋಗದ ಹೆಚ್ಚುವರಿ ಅಪಾಯದಲ್ಲಿ ಸುಮಾರು ಅರ್ಧದಷ್ಟು, ದಿನಕ್ಕೆ ಒಂದು ಸೇದುವವರಿಗೂ ಇರುತ್ತದೆ ಎಂದು 2018ರ ಒಂದು ಪರಿಶೀಲನೆ ತೋರಿಸಿದೆ. ಇಪ್ಪತ್ತರಲ್ಲಿ ಒಂದು ಪಾಲು ಎಂಬ ಲೆಕ್ಕ ಹೃದಯಕ್ಕೆ ನಡೆಯುವುದಿಲ್ಲ.

ತೆರಿಗೆ ಏರಿಸಿದರೆ ಬಡವರ ಹೊಟ್ಟೆಯ ಮೇಲೆ ಹೊಡೆದಂತೆ ಅಲ್ಲವೇ?

ಬೆಲೆ ಏರಿದಾಗ ಹೆಚ್ಚಾಗಿ ಬಿಡುವವರು ಬಡವರು ಮತ್ತು ಹುಡುಗರು. ಆಗ ಉಳಿದ ಆಯಸ್ಸೂ ಬಡವರ ಪಾಲಿಗೇ. ಬೀಡಿಗೆ ಸಿಗರೇಟಿಗಿಂತ ತೆರಿಗೆ ಬಹಳ ಹಗುರವಾಗಿಯೇ ಉಳಿದು ಬಂದಿರುವುದರಿಂದ ಸಿಗರೇಟು ದುಬಾರಿಯಾದಾಗ ಕೆಲವರು ಬೀಡಿಗೆ ಇಳಿಯುತ್ತಾರೆ, ಅಷ್ಟೇ. ಬಂದ ತೆರಿಗೆಯ ಹಣವನ್ನು ತಂಬಾಕು ಬಿಡಿಸುವ ಕೆಲಸಕ್ಕೂ ಬೀಡಿ ಕಟ್ಟುವವರಿಗೂ ಖರ್ಚು ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಇಲ್ಲವಾದರೆ ನೀವು ಕೇಳಿದ ಪ್ರಶ್ನೆ ನ್ಯಾಯವಾದದ್ದೇ.

ಬೀಡಿ ನಿಂತರೆ ಬೀಡಿ ಕಟ್ಟುವ ಹೆಂಗಸರು ಏನು ಮಾಡಬೇಕು?

ನನ್ನ ಅಮ್ಮ ಬೀಡಿ ಕಟ್ಟಿಯೇ ನನ್ನನ್ನು ಓದಿಸಿದರು. ದಕ್ಷಿಣ ಕನ್ನಡ, ಉಡುಪಿಯ ಕಡೆ ಇದು ಅಪರೂಪದ ಮಾತಲ್ಲ. ರಾತ್ರಿ ಎಲೆ ನೆನೆಹಾಕುವುದು, ಬೆಳಗ್ಗೆ ಅಳತೆಗೆ ಕತ್ತರಿಸುವುದು, ಮಡಿಲಲ್ಲಿ ಮೊರ ಇಟ್ಟುಕೊಂಡು ಚಿಟಿಕೆ ತಂಬಾಕು ಹಾಕಿ ಸುತ್ತಿ, ನೂಲು ಕಟ್ಟಿ, ಬಾಯಿ ಮಡಚುವುದು. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಬೀಡಿ ಕಂಪನಿಯ ಬ್ರಾಂಚಿಗೆ ಒಯ್ದಾಗ ಚೆನ್ನಾಗಿಲ್ಲ ಎಂದು ಪಕ್ಕಕ್ಕೆ ಸರಿಸಿದ್ದಕ್ಕೆ ಕಾಸಿಲ್ಲ. ಅಮ್ಮನ ಹೆಬ್ಬೆರಳಿನ ಉಗುರು ಒಂದು ಬದಿಗೆ ಸವೆದುಹೋಗಿತ್ತು, ಸೀರೆಯ ಸೆರಗಿಗೆ ಯಾವಾಗಲೂ ತಂಬಾಕಿನ ಘಾಟು. ಅವರು ಎಂದೂ ಸೇದಲಿಲ್ಲ. ಆದರೂ ಕೆಮ್ಮು ಇತ್ತು.

ಹೆಂಗಸರು ಮನೆಯಲ್ಲಿ ಕೂತು ಕಟ್ಟುತ್ತಾರೆ, ಗಂಡಸರು ಹೊರಗೆ ಸೇದುತ್ತಾರೆ, ಎರಡೂ ಕಡೆ ಇರುವುದು ಒಂದೇ ವರ್ಗದ ಜನ. 1966ರಲ್ಲಿ ಬೀಡಿ ಕಾರ್ಮಿಕರ ಕಾಯ್ದೆ ಬಂತು, 1976ರಲ್ಲಿ ಕಲ್ಯಾಣ ನಿಧಿಯ ಕಾಯ್ದೆಯೂ ಬಂತು. ಗುರುತಿನ ಚೀಟಿ ಇದ್ದವರಿಗೆ ಅದರಿಂದ ಚಿಕಿತ್ಸೆ, ಮಕ್ಕಳಿಗೆ ವಿದ್ಯಾರ್ಥಿವೇತನ ಸಿಕ್ಕಿದೆ. ಚೀಟಿ ಇಲ್ಲದವರು ಈಗಲೂ ಕೇಳಿ ಮಾಡಿಸಿಕೊಳ್ಳಬೇಕು. ಬೇರೆ ದುಡಿಮೆ ಕೈಗೆ ಕೊಡದೆ 'ಕಟ್ಟಬೇಡಿ' ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಹಾಗೆಂದು ಅವರ ಕೂಲಿಯನ್ನು ಮುಂದೆ ಹಿಡಿದು ಬೀಡಿಯನ್ನು ಕಾಪಾಡುವವರ ಮಾತನ್ನೂ ಒಪ್ಪಲಾರೆ. ಆ ಕೂಲಿ ಎಷ್ಟು ಕಡಿಮೆ ಎಂದು ನನಗೆ ಗೊತ್ತಿದೆ.

ನನಗೆ ಐವತ್ತು ದಾಟಿದೆ. ಈಗ ಬಿಟ್ಟು ಏನು ಪ್ರಯೋಜನ?

ಬ್ರಿಟನ್ನಿನ ವೈದ್ಯರ ಬಗ್ಗೆ ಡಾಲ್ ಇಟ್ಟ ಲೆಕ್ಕದಲ್ಲೇ ಉತ್ತರವಿದೆ. 60ರಲ್ಲಿ ಬಿಟ್ಟವರಿಗೆ ಸುಮಾರು 3 ವರ್ಷ, 50ರಲ್ಲಿ ಬಿಟ್ಟವರಿಗೆ 6, 40ರಲ್ಲಿ 9, 30ರಲ್ಲಿ ಬಿಟ್ಟವರಿಗೆ ಹೆಚ್ಚುಕಡಿಮೆ ಪೂರ್ತಿ ಹತ್ತು ವರ್ಷ ಮರಳಿ ಸಿಕ್ಕಿದೆ. ಆರು ವರ್ಷದಲ್ಲಿ ಮೊಮ್ಮಗು ಹುಟ್ಟಿ ಶಾಲೆಗೆ ಹೋಗುತ್ತದೆ.

ಬಿಡಲು ಸಹಾಯ ಎಲ್ಲಿ ಸಿಗುತ್ತದೆ?

ತಂಬಾಕಿನ ಕಟ್ಟಿನ ಮೇಲೆಯೇ ಮುದ್ರಿಸಿರುವ 1800-11-2356 ಉಚಿತ ದೂರವಾಣಿ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಈ ಸೇವೆಯ ಕೇಂದ್ರಗಳಲ್ಲಿ ಒಂದು, ಕನ್ನಡದಲ್ಲೇ ಮಾತಾಡಬಹುದು. ಜಗಿಯುವವರೂ ಕರೆ ಮಾಡಬಹುದು. ಮನೆಯವರ ಮುಂದೆ ಹೇಳಿಕೊಳ್ಳಲಾಗದ ಹೆಂಗಸರಿಗೆ ಫೋನೇ ಒಳ್ಳೆಯ ದಾರಿ. ಸರ್ಕಾರಿ ಆಸ್ಪತ್ರೆಗೆ ಹೋದಾಗ ತಂಬಾಕು ಬಿಡಿಸುವ ಆಪ್ತಸಮಾಲೋಚನೆ ಎಲ್ಲಿ ಎಂದು ಕೇಳಿ. ನಿಕೋಟಿನ್ ಚೂಯಿಂಗ್ ಗಮ್ ಬಗ್ಗೆ ವೈದ್ಯರನ್ನು ವಿಚಾರಿಸಿ.

ಮೊದಲ ವಾರ ಕಷ್ಟ, ಎರಡರಿಂದ ನಾಲ್ಕು ವಾರದಲ್ಲಿ ದೇಹದ ಕಾಟ ಇಳಿಯುತ್ತದೆ. ಜಾರಿ ಒಂದು ಬೀಡಿ ಸೇದಿಬಿಟ್ಟರೆ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಹಲವು ಸಲ ಜಾರಿ ಕೊನೆಗೆ ಬಿಟ್ಟವರೇ ಹೆಚ್ಚು. ಮನೆಯಲ್ಲಿ ಆಶಾ ಕಾರ್ಯಕರ್ತೆಯೋ, ಮಾತ್ರೆ ಕೊಡುವವರೋ ಬಂದಾಗ ಕಟ್ಟನ್ನು ಹೆಂಚಿನ ಸಂದಿಗೆ ತುರುಕಬೇಡಿ, ಅವರ ಕೈಗೇ ಕೊಡಿ.